ಬಿಲ್ಲು ಸಿಕ್ಕರಷ್ಟೇ ಆರೋಗ್ಯ

ಮಾರ್ಚ್ ಬಂತೆಂದರೆ ಬೆಂಗಳೂರಿನ ಔಷಧಿ ಅಂಗಡಿಗಳಿಗೆ ಒಂದು ಕಾಲದಲ್ಲಿ ಕಾಯಿಲೆಯೇ ಇಲ್ಲದ ಗಿರಾಕಿಗಳು ಬರುತ್ತಿದ್ದರು. ಅವರಿಗೆ ಮಾತ್ರೆ ಬೇಕಿರಲಿಲ್ಲ, ಬಿಲ್ಲು ಬೇಕಿತ್ತು. ವರ್ಷಕ್ಕೆ 15,000 ರೂಪಾಯಿವರೆಗಿನ ವೈದ್ಯಕೀಯ ಬಿಲ್ಲುಗಳನ್ನು ಕಚೇರಿಗೆ ಒಪ್ಪಿಸಿದರೆ ಅಷ್ಟು ಹಣಕ್ಕೆ ಆದಾಯ ತೆರಿಗೆ ಬೀಳುತ್ತಿರಲಿಲ್ಲ. ಹಾಗಾಗಿ ವರ್ಷವಿಡೀ ಒಂದು ನೆಗಡಿಯನ್ನೂ ಕಾಣದವರು ಅಮ್ಮನ ಬಿ.ಪಿ. ಮಾತ್ರೆಯ ಚೀಟಿ, ಮಾವನ ಇನ್ಸುಲಿನ್ ಚೀಟಿ, ಯಾರೋ ಕೌಂಟರಿನಲ್ಲೇ ಬಿಟ್ಟುಹೋದ ಚೀಟಿ ಎಲ್ಲವನ್ನೂ ಕೂಡಿಸಿ ಪಿನ್ನು ಹೊಡೆಯುತ್ತಿದ್ದರು. ಮಾವ ‘ಕುಟುಂಬ’ದ ಲೆಕ್ಕಕ್ಕೆ ಬರುತ್ತಾರೋ ಇಲ್ಲವೋ ಎಂದು ಅಕೌಂಟ್ಸ್ ವಿಭಾಗದವರು ತಲೆ ಕೆಡಿಸಿಕೊಂಡದ್ದು ಕಡಿಮೆ.

2018ರ ಬಜೆಟ್ಟಿನಲ್ಲಿ ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿ ಈ ಆಟಕ್ಕೆ ತೆರೆ ಎಳೆದರು. 15,000 ರೂಪಾಯಿಯ ವೈದ್ಯಕೀಯ ವಿನಾಯಿತಿಯೂ 19,200 ರೂಪಾಯಿಯ ಸಾರಿಗೆ ಭತ್ಯೆಯ ವಿನಾಯಿತಿಯೂ ಹೋಗಿ, ಬಿಲ್ಲು ಕೇಳದ 40,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಬಂತು. ಕೂಡಿ ಕಳೆದರೆ ಹೆಚ್ಚುವರಿಯಾಗಿ ತೆರಿಗೆಯಿಂದ ಪಾರಾದದ್ದು 5,800 ರೂಪಾಯಿ. ಅದೇ ಬಜೆಟ್ಟಿನಲ್ಲಿ ಶೇಕಡಾ 3ರಷ್ಟಿದ್ದ ಸೆಸ್ ಶೇಕಡಾ 4 ಆಯಿತು. ಹೆಸರಿಗೆ ‘ಆರೋಗ್ಯ’ವೂ ಸೇರಿಕೊಂಡಿತು. ಆರೋಗ್ಯದ ಬಿಲ್ಲು ಹೋದ ಬಾಗಿಲಲ್ಲೇ ಆರೋಗ್ಯದ ಸೆಸ್ ಒಳಗೆ ಬಂದಿತ್ತು.

ಬಿಲ್ಲು ಕೂಡಿಸುವ ಅಭ್ಯಾಸ ಮಾತ್ರ ಹೋಗಲಿಲ್ಲ. ಇಂದು ಐ.ಟಿ. ಕಂಪನಿಗಳು, ಸ್ಟಾರ್ಟಪ್‌ಗಳು ಕೊಡುವ ವೆಲ್‌ನೆಸ್ ಭತ್ಯೆಗೂ ವರ್ಷದ ಕೊನೆಗೆ ಅದೇ ಓಟ. ಜಿಮ್, ಯೋಗ, ಓಡುವ ಶೂ, ಕೈಗಡಿಯಾರ, ಧ್ಯಾನದ ಆ್ಯಪ್, ಏನಾದರೂ ಸರಿ, ಕೊನೆಯ ದಿನದೊಳಗೆ ರಸೀದಿ ಅಪ್‌ಲೋಡ್ ಆಗಬೇಕು. ಆದರೆ ಕೆಲಸ ಕೊಟ್ಟವನು ಕೆಲಸಗಾರನ ಮೈಯ ಬಗ್ಗೆ ಯೋಚಿಸಲು ಶುರುಮಾಡಿದ್ದು ರಸೀದಿಯಿಂದಲ್ಲ, ಗಾಳಿಯಿಂದ.

1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿಯನ್ನು ಭಾರತದ ಸಾಮ್ರಾಜ್ಞಿಯೆಂದು ಸಾರಿದ ದಿನವೇ, ಜಮ್‌ಶೆಟ್‌ಜಿ ಟಾಟಾ ನಾಗಪುರದಲ್ಲಿ ಎಂಪ್ರೆಸ್ ಮಿಲ್ ಶುರುಮಾಡಿದರು. ವಿದರ್ಭದ ಬಿಸಿಲು, ಹತ್ತಿಯ ಧೂಳು, ಜೊತೆಗೆ ಕೆಲಸಗಾರರ ಗೈರುಹಾಜರಿಯ ಕಾಟ. ದಂಡ ಹಾಕುವುದಕ್ಕಿಂತ ಒಳಗೆ ಗಾಳಿಯಾಡುವಂತೆ ಮಾಡುವುದು ಲಾಭ ಎಂದು ಅವರಿಗೆ ತೋಚಿತು. 1886ರಲ್ಲಿ ಪಿಂಚಣಿ ನಿಧಿ, 1895ರಲ್ಲಿ ಅಪಘಾತ ಪರಿಹಾರ ಬಂದವು. ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆಯಲ್ಲಿ 1912ರಲ್ಲಿ ಎಂಟು ಗಂಟೆಯ ಕೆಲಸ, 1915ರಲ್ಲಿ ಉಚಿತ ವೈದ್ಯಕೀಯ ನೆರವು. ದಯೆ ಎಷ್ಟು, ಲೆಕ್ಕಾಚಾರ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಬೇರ್ಪಡಿಸಬೇಕಾದ ಅಗತ್ಯವೂ ಇಲ್ಲವೆನ್ನಿ.

ಮಾಲೀಕನ ಮರ್ಜಿಯಲ್ಲಿದ್ದದ್ದು 1948ರಲ್ಲಿ ಕಾಯಿದೆಯಾಯಿತು. ಆ ವರ್ಷದ ಕಾರ್ಖಾನೆಗಳ ಕಾಯಿದೆ ಎಣಿಸಿ ಎಣಿಸಿ ಹೇಳಿತು: 250ಕ್ಕೂ ಹೆಚ್ಚು ಕೆಲಸಗಾರರಿದ್ದರೆ ಕ್ಯಾಂಟೀನ್, 150ಕ್ಕೂ ಹೆಚ್ಚಿದ್ದರೆ ವಿಶ್ರಾಂತಿ ಕೊಠಡಿ, 50ಕ್ಕಿಂತ ಹೆಚ್ಚು ಹೆಂಗಸರಿದ್ದರೆ ಶಿಶುವಿಹಾರ. ಅದೇ ವರ್ಷ ನೌಕರರ ರಾಜ್ಯ ವಿಮಾ ಕಾಯಿದೆ, ನಮ್ಮೆಲ್ಲರ ಬಾಯಲ್ಲಿ ಇಎಸ್‌ಐ, ಬಂತು. ಅದರ ಯೋಜನೆ 1952ರಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಜಾರಿಗೆ ಬಂತು. ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ಐಟಿಐ, ಹುಟ್ಟಿದ್ದೂ ಅದೇ 1948ರಲ್ಲಿ.

ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಆ ಕಾಲವನ್ನು ಕಂಡವರು ಅದನ್ನು ಹೊಗಳುವಾಗ ಸ್ವಲ್ಪ ಉಪ್ಪು ಖಾರ ಸೇರಿಸುವುದು ಉಂಟು. ಆದರೂ ಅವರು ಹೇಳುವುದರಲ್ಲಿ ಸುಳ್ಳಿಲ್ಲ. 1940ರ ಎಚ್‌ಎಎಲ್, 1953ರ ಎಚ್‌ಎಂಟಿ, 1954ರ ಬಿಇಎಲ್: ಪ್ರತಿಯೊಂದೂ ಕಾರ್ಖಾನೆಯ ಸುತ್ತ ಒಂದು ಊರನ್ನೇ ಕಟ್ಟಿಕೊಂಡಿತು. ಜಾಲಹಳ್ಳಿ, ದೂರವಾಣಿನಗರಗಳ ಕ್ವಾರ್ಟರ್ಸ್‌ನಲ್ಲಿ ಮಗುವಿಗೆ ಜ್ವರ ಬಂದರೆ ಬಿಲ್ಲಿನ ಮಾತೇ ಇಲ್ಲ. ಕಾರ್ಡು ತೋರಿಸಿದರೆ ಕಂಪನಿ ಆಸ್ಪತ್ರೆಯಲ್ಲಿ ಔಷಧಿ. ಪುಡಿಗಾಸಿಗೆ ಕ್ಯಾಂಟೀನಿನ ಊಟ. ಸಂಜೆಗೆ ಮೈದಾನ. ಎಚ್‌ಎಎಲ್, ಐಟಿಐ ಫುಟ್‌ಬಾಲ್ ತಂಡಗಳ ಆಟ ನೋಡಲು ಶಿಫ್ಟ್ ಮುಗಿಸಿ ಬಂದವರು ಟೀಕೆ ಮಾಡುತ್ತ ನಿಲ್ಲುತ್ತಿದ್ದರು. ಯಾರ ಸಂಬಳದ ಚೀಟಿಯಲ್ಲೂ ‘ವೆಲ್‌ನೆಸ್’ ಎಂಬ ಸಾಲು ಇರಲಿಲ್ಲ. ಅದು ಹಣವಾಗಿ ಕೈಗೆ ಬರುವ ವಸ್ತುವೇ ಆಗಿರಲಿಲ್ಲ. ನಾಲ್ಕು ಜನ ಒಟ್ಟಿಗೆ ಹೋಗುವ ಜಾಗವಾಗಿತ್ತು.

ಎಲೆಕ್ಟ್ರಾನಿಕ್ಸ್ ಸಿಟಿಯ ಕಂಪನಿಗಳು ಈ ಮಾದರಿಯನ್ನು ಪೂರ್ತಿ ಬಿಡಲಿಲ್ಲ. ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆಗಳನ್ನು ಕೈಬಿಟ್ಟು ಈಜುಕೊಳ, ಜಿಮ್, ಟೆನಿಸ್ ಅಂಕಣಗಳನ್ನು ಇಟ್ಟುಕೊಂಡವು. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ಆ ಕ್ಯಾಂಪಸ್‌ಗಳಿಗೆ ಬೀಗ ಬಿತ್ತು. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೆಲಸ ಮಾಡುವವನಿಗೆ ಕಂಪನಿಯ ಈಜುಕೊಳದಿಂದ ಏನು ಪ್ರಯೋಜನ? ಅನೇಕ ಕಡೆ ಜಾಗದ ಬದಲು ಹಣ ಬಂತು: ಮೊದಲು ಕುರ್ಚಿಗೆ, ಇಂಟರ್ನೆಟ್ಟಿಗೆ, ಆಮೇಲೆ ‘ನಿಮ್ಮ ಆರೋಗ್ಯಕ್ಕೆ’.

ಹಣ ಕೊಡುವ ಈ ಉತ್ಸಾಹದ ಬೇರು ಅಮೆರಿಕದಲ್ಲಿದೆ. ಅಲ್ಲಿ ನೌಕರನ ಆಸ್ಪತ್ರೆ ಖರ್ಚು ಬಹುಪಾಲು ಕಂಪನಿಯ ತಲೆಯ ಮೇಲೆ. ನೌಕರ ಸಿಗರೇಟು ಬಿಟ್ಟರೆ ಕಂಪನಿಗೆ ಉಳಿತಾಯ ಎಂಬ ನಂಬಿಕೆಯಲ್ಲಿ ಜಾನ್ಸನ್ ಆ್ಯಂಡ್ ಜಾನ್ಸನ್ 1979ರಲ್ಲಿ ‘ಲಿವ್ ಫಾರ್ ಲೈಫ್’ ಕಾರ್ಯಕ್ರಮ ಆರಂಭಿಸಿತು. 2010ರಲ್ಲಿ ಸಂಶೋಧಕರಾದ ಕ್ಯಾಥರೀನ್ ಬೈಕರ್, ಡೇವಿಡ್ ಕಟ್ಲರ್, ಝಿರುಯ್ ಸಾಂಗ್ ಹಳೆಯ ಅಧ್ಯಯನಗಳನ್ನೆಲ್ಲ ಕಲೆಹಾಕಿ, ಇಂಥ ಕಾರ್ಯಕ್ರಮಕ್ಕೆ ಒಂದು ಡಾಲರ್ ಹಾಕಿದರೆ ವೈದ್ಯಕೀಯ ವೆಚ್ಚದಲ್ಲಿ ಸುಮಾರು 3.27 ಡಾಲರ್ ಉಳಿಯುತ್ತದೆ ಎಂದರು. ಎಚ್‌ಆರ್ ವಿಭಾಗಗಳಿಗೆ ಇದಕ್ಕಿಂತ ಸಿಹಿಸುದ್ದಿ ಬೇಕೆ?

ಮುಂದಿನ ಕಥೆ ಇನ್ನೂ ಸ್ವಾರಸ್ಯದ್ದು. ಅದೇ ಸಾಂಗ್ ಮತ್ತು ಬೈಕರ್, ಬಿಜೇಸ್ ಎಂಬ ಸಗಟು ಮಳಿಗೆ ಸರಣಿಯ ಸುಮಾರು 33,000 ನೌಕರರ ನಡುವೆ, ಯಾವ ಮಳಿಗೆಗೆ ಕಾರ್ಯಕ್ರಮ ಎಂಬುದನ್ನು ಚೀಟಿ ಎತ್ತಿದಂತೆ ಆರಿಸಿ ಪರೀಕ್ಷಿಸಿದರು. 2019ರಲ್ಲಿ ಬಂದ ಫಲಿತಾಂಶ: ವ್ಯಾಯಾಮ ಮಾಡುತ್ತೇವೆ, ತೂಕದ ಮೇಲೆ ಕಣ್ಣಿಟ್ಟಿದ್ದೇವೆ ಎಂದು ಹೇಳುವವರು ಹೆಚ್ಚಾದರು, ಆದರೆ ರಕ್ತದೊತ್ತಡ, ಕೊಲೆಸ್ಟ್ರಾಲ್, ಆಸ್ಪತ್ರೆ ಖರ್ಚು, ಗೈರುಹಾಜರಿ ಯಾವುದರಲ್ಲೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ ಇಲಿನಾಯ್ ವಿಶ್ವವಿದ್ಯಾಲಯದ ಸುಮಾರು 5,000 ನೌಕರರ ಅಧ್ಯಯನವೂ ಪ್ರಕಟವಾಯಿತು. ಕಾರ್ಯಕ್ರಮಕ್ಕೆ ಬಂದವರು ಬರುವ ಮೊದಲೇ ಬಾರದವರಿಗಿಂತ ಆರೋಗ್ಯವಾಗಿದ್ದರು, ಅವರ ಆಸ್ಪತ್ರೆ ಖರ್ಚೂ ಕಡಿಮೆಯಿತ್ತು. ಜಿಮ್ಮಿಗೆ ದುಡ್ಡು ಕೊಟ್ಟರೆ ತೆಗೆದುಕೊಳ್ಳುವವನು, ಹೇಗಿದ್ದರೂ ಜಿಮ್ಮಿಗೆ ಹೋಗುತ್ತಿದ್ದವನು.

ಹಾಗಾದರೆ ಭತ್ಯೆ ವ್ಯರ್ಥವೆ? ಅಲ್ಲ. ಕಂಪನಿಗೆ ಲಾಭ ತರುತ್ತದೋ ಇಲ್ಲವೋ ಎಂಬುದು ಕಂಪನಿಯ ತಲೆನೋವು. ನಮ್ಮ ಕೈಗೆ ಬಂದ ಹಣ ನಾವು ಹೇಗಿದ್ದರೂ ಮಾಡುತ್ತಿದ್ದ ಖರ್ಚಿಗೆ ಹೋಗದೆ, ಮುಂದೂಡುತ್ತ ಬಂದ ಕೆಲಸಕ್ಕೆ ಹೋದರೆ ಅದು ಸಾರ್ಥಕ. ನನ್ನ ಮಟ್ಟಿಗೆ ಆ ಪಟ್ಟಿಯಲ್ಲಿ ಮೊದಲನೆಯದು ಹಲ್ಲು. ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಆಸ್ಪತ್ರೆಗೆ ದಾಖಲಾದರೆ ಮಾತ್ರ ಕೆಲಸಕ್ಕೆ ಬರುತ್ತದೆ. ಹುಳುಕು ಹಲ್ಲಿಗೆ ಯಾರೂ ದಾಖಲಾಗುವುದಿಲ್ಲ. ನೋವು ಬರುವ ಮೊದಲು ಹಲ್ಲು ಸ್ವಚ್ಛ ಮಾಡಿಸಿ ಸಣ್ಣ ಹುಳುಕು ತುಂಬಿಸಿಕೊಂಡರೆ ಮುಂದೆ ರೂಟ್ ಕೆನಾಲ್ ತಪ್ಪೀತು. ಕೂತು ಕೂತು ಹಿಡಿದ ಸೊಂಟಕ್ಕೆ ಫಿಸಿಯೋಥೆರಪಿಸ್ಟ್, ನಿದ್ದೆ ಬಾರದ ತಿಂಗಳುಗಳಿಗೆ ಆಪ್ತಸಮಾಲೋಚಕರು, ನಲವತ್ತರಲ್ಲಾದರೂ ಕಲಿಯಬೇಕೆಂದಿದ್ದ ಈಜು ಇವೂ ಅದೇ ಜಾತಿಯವು. ಕೈಗಡಿಯಾರ ಹೆಜ್ಜೆ ಎಣಿಸುತ್ತದೆ ನಿಜ, ಆದರೆ ನಡೆಯಬೇಕಾದವರು ನಾವೇ. ವಾರ್ಷಿಕ ತಪಾಸಣೆಗೆ ಭತ್ಯೆ ಸುರಿಯುವ ಮುನ್ನ ಎಚ್‌ಆರ್‌ನವರನ್ನು ಒಂದು ಮಾತು ಕೇಳಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ ನಲವತ್ತು ದಾಟಿದ ಕೆಲಸಗಾರರಿಗೆ ಅದನ್ನು ಉಚಿತವಾಗಿ ಮಾಡಿಸುವುದು ಮಾಲೀಕನ ಹೊಣೆ.

ತೆರಿಗೆಯ ಲೆಕ್ಕವನ್ನೂ ನೋಡಬೇಕು. ಸಂಬಳದ ಜೊತೆ ಬರುವ 10,000 ರೂಪಾಯಿ ಭತ್ಯೆ, ಶೇಕಡಾ 30ರ ತೆರಿಗೆ ಹಂತದಲ್ಲಿರುವವರಿಗೆ ತೆರಿಗೆ ಮತ್ತು ಸೆಸ್ ಕಳೆದು, 6,880 ಆಗಿ ಕೈ ಸೇರುತ್ತದೆ. ಆದರೆ ಉದ್ಯೋಗದಾತನೇ ಎಲ್ಲ ನೌಕರರಿಗೂ ಏಕರೂಪವಾಗಿ ಒದಗಿಸುವ ಹೆಲ್ತ್ ಕ್ಲಬ್, ಕ್ರೀಡಾ ಸೌಲಭ್ಯಗಳಿಗೆ ಆದಾಯ ತೆರಿಗೆ ನಿಯಮಗಳು ಬಹುಕಾಲದಿಂದ ವಿನಾಯಿತಿ ಕೊಟ್ಟಿವೆ. ಅಂದರೆ ತೆರಿಗೆ ಇಲಾಖೆ ಇನ್ನೂ ಜಾಲಹಳ್ಳಿಯ ಮೈದಾನದ ಕಾಲದಲ್ಲೇ ಇದೆ, ಕಂಪನಿಗಳು ಮುಂದೆ ಹೋಗಿವೆ. ತಲೆಗಿಷ್ಟು ಹಂಚುವ ಬದಲು ಆಫೀಸಿನ ಹತ್ತಿರದ ಷಟಲ್ ಕೋರ್ಟನ್ನು ಎಲ್ಲರಿಗಾಗಿ ಬಾಡಿಗೆಗೆ ಹಿಡಿಯಿರಿ ಎಂದು ನೌಕರರು ಕೇಳಿದರೆ ಇಬ್ಬರಿಗೂ ನಷ್ಟವಿಲ್ಲ.

ರಸೀದಿಯ ಇನ್ನೊಂದು ತೊಡಕೂ ಇದೆ. ಹಲವು ಕಂಪನಿಗಳು ಜಿಎಸ್‌ಟಿ ಸಂಖ್ಯೆ ಇರುವ ಬಿಲ್ಲನ್ನೇ ಕೇಳುತ್ತವೆ. 2025ರ ಸೆಪ್ಟೆಂಬರ್ 22ರಿಂದ ಜಿಮ್, ಯೋಗ ಕೇಂದ್ರಗಳ ಜಿಎಸ್‌ಟಿ ಶೇಕಡಾ 18ರಿಂದ 5ಕ್ಕೆ ಇಳಿದದ್ದು ದೊಡ್ಡ ಜಿಮ್‌ಗಳ ಗಿರಾಕಿಗೆ ಒಳ್ಳೆಯದೇ. ಆದರೆ ಮನೆಯ ಮಹಡಿಯಲ್ಲಿ ಯೋಗ ಹೇಳಿಕೊಡುವ ಟೀಚರರದ್ದೂ ಹಳೆಪೇಟೆಯ ಗರಡಿಮನೆಯ ಉಸ್ತಾದರದ್ದೂ ವಾರ್ಷಿಕ ವಹಿವಾಟು ಸಾಮಾನ್ಯವಾಗಿ 20 ಲಕ್ಷ ದಾಟುವುದಿಲ್ಲ. ಹಾಗಾಗಿ ಜಿಎಸ್‌ಟಿ ನೋಂದಣಿಯ ಅಗತ್ಯವೇ ಇಲ್ಲ. ಕಬ್ಬನ್ ಪಾರ್ಕಿನಲ್ಲಿ ನಡೆದರಂತೂ ಯಾರೂ ಬಿಲ್ಲು ಹರಿದು ಕೊಡುವುದಿಲ್ಲ. ಹೀಗೆ ಅಗ್ಗವಾದದ್ದು, ಹತ್ತಿರದ್ದು ಪಟ್ಟಿಯ ಹೊರಗೆ ಉಳಿದು, ದುಬಾರಿಯಾದದ್ದಕ್ಕೆ ಆರೋಗ್ಯದ ಮುದ್ರೆ ಬೀಳುತ್ತದೆ. ಸಹಿ ಮಾಡಿದ ಸಾದಾ ರಸೀದಿಯನ್ನೂ ಒಪ್ಪುವಂತೆ ಎಚ್‌ಆರ್‌ನವರನ್ನು ಒತ್ತಾಯಿಸುವುದಿದ್ದರೆ ಏಪ್ರಿಲ್‌ನಲ್ಲೇ ಒತ್ತಾಯಿಸಬೇಕು. ಮಾರ್ಚ್‌ನಲ್ಲಿ ಅವರಿಗೆ ಪುರುಸೊತ್ತಿರುವುದಿಲ್ಲ.

ಅದೇ ಕಚೇರಿಯ ಗೇಟಿನಲ್ಲಿ ನಿಂತ ಸೆಕ್ಯುರಿಟಿಯವರು, ಮೇಜು ಒರೆಸುವ ಹೌಸ್‌ಕೀಪಿಂಗ್ ಹೆಂಗಸರು ಸಾಮಾನ್ಯವಾಗಿ ಗುತ್ತಿಗೆದಾರನ ನೌಕರರು. ಅವರಿಗೆ ಈ ಭತ್ಯೆ ಇಲ್ಲ. ಅವರು ಇರುವುದು 1948ರ ವ್ಯವಸ್ಥೆಯಲ್ಲೇ: ಸಂಬಳದಲ್ಲಿ ಶೇಕಡಾ 0.75 ಮುರಿದುಕೊಳ್ಳುವ ಇಎಸ್‌ಐ, ರಾಜಾಜಿನಗರದ ಅಥವಾ ಪೀಣ್ಯದ ಆಸ್ಪತ್ರೆಯ ಸರದಿ ಸಾಲು. ಅದಕ್ಕೂ ತಿಂಗಳಿಗೆ 21,000 ರೂಪಾಯಿ ಸಂಬಳದ ಮಿತಿಯಿದೆ, 2017ರಲ್ಲಿ ಜಾರಿಗೆ ಬಂದದ್ದು. ಸಂಬಳ ಅದಕ್ಕಿಂತ ಐನೂರು ರೂಪಾಯಿ ಏರಿದರೂ ಏಪ್ರಿಲ್–ಸೆಪ್ಟೆಂಬರ್ ಅಥವಾ ಅಕ್ಟೋಬರ್–ಮಾರ್ಚ್ ವಂತಿಗೆ ಅವಧಿ ಮುಗಿಯುತ್ತಲೇ ಇಎಸ್‌ಐ ವಂತಿಗೆ ನಿಲ್ಲುತ್ತದೆ, ಆಮೇಲೆ ಸೌಲಭ್ಯವೂ. ಸಂಬಳ ಹೆಚ್ಚಿಸಿ ಎಂದು ಕೇಳುವ ಮೊದಲು ಮನೆಯಲ್ಲಿ ಕಾಯಿಲೆಯವರಿದ್ದಾರೆಯೇ ಎಂದು ಯೋಚಿಸಬೇಕಾದ ಸ್ಥಿತಿ ಅವರದು.