ಚಿಕ್ಕ ಆಂಪ್ಲಿಫೈಯರ್ ದೊಡ್ಡ ಸ್ಪೀಕರನ್ನು ಸುಟ್ಟೀತೇ?

ಮಕ್ಕಳೇ, ಒಮ್ಮೆ ನಮ್ಮ ಮನೆಯಲ್ಲಿ 20 ವ್ಯಾಟ್ ಆಂಪ್ಲಿಫೈಯರಿಗೆ 30 ವ್ಯಾಟ್ ಸ್ಪೀಕರ್ ಜೋಡಿಸಿದ್ದೆವು. ಹಬ್ಬದ ದಿನ ವಾಲ್ಯೂಮ್ ಪೂರ್ತಿ ತಿರುಗಿಸಿದೆವು. ಹಾಡು ಒಡೆದಂತೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ! ಸ್ಪೀಕರಿನ ವ್ಯಾಟ್ ಹೆಚ್ಚಿದ್ದರೂ ಅದೇ ಸುಟ್ಟಿದ್ದೇಕೆ?

ಸ್ಪೀಕರಿನೊಳಗೆ ಅಯಸ್ಕಾಂತದ ನಡುವೆ ತೆಳು ತಂತಿಯ ಸುರುಳಿ ಇರುತ್ತದೆ. ವಿದ್ಯುತ್ ಹರಿದಾಗ ಅದು ಅಲುಗಿ ಶಬ್ದ ಹುಟ್ಟುತ್ತದೆ. ಜೊತೆಗೆ ಸುರುಳಿ ಬಿಸಿಯೂ ಆಗುತ್ತದೆ. ಸ್ಪೀಕರ್ ಎಷ್ಟು ತಾಳಬಲ್ಲದು ಎಂಬುದನ್ನು ಅದರ ಮೇಲಿನ ವ್ಯಾಟ್ ತಿಳಿಸುತ್ತದೆ.

ಸಿಂಧನೂರಿನ ಹೊಲಗಳಿಗೆ ನೀರು ತರುವ ತುಂಗಭದ್ರಾ ಎಡದಂಡೆ ಕಾಲುವೆ ನೋಡಿದ್ದೀರಾ? ದಂಡೆಗಿಂತ ಎತ್ತರಕ್ಕೆ ಅದರಲ್ಲಿ ನೀರು ನಿಲ್ಲದು. ಆಂಪ್ಲಿಫೈಯರಿಗೂ ಇಂಥದೇ ಮಿತಿ ಇದೆ. ಮಿತಿ ಮೀರಿದರೆ ಅಲೆಗಳ ತುದಿ ಕತ್ತರಿಸಿ ಚಪ್ಪಟೆಯಾಗುತ್ತದೆ. ಚಪ್ಪಟೆ ಅಲೆಯಲ್ಲಿ ಶಕ್ತಿ ಹೆಚ್ಚು. ಆಗ 20 ವ್ಯಾಟಿನದು 40 ವ್ಯಾಟಿನ ಹತ್ತಿರ ಕೊಟ್ಟೀತು! ಜೊತೆಗೆ ಹುಟ್ಟುವ ಕೀರಲು ಸ್ವರಗಳು ಒಳಗಿನ ಪುಟ್ಟ ಸ್ಪೀಕರನ್ನು ಮೊದಲು ಸುಡುತ್ತವೆ.

ಹಾಗಾದರೆ ಬಹಳ ವ್ಯಾಟ್ ಬೇಕೇ? ಬೇಡ. ವ್ಯಾಟ್ ಎರಡು ಪಟ್ಟಾದರೆ ಸದ್ದು ಏರುವುದು ಕೇವಲ 3 ಡೆಸಿಬೆಲ್. ಕಿವಿಗೆ ಸದ್ದು ಎರಡು ಪಟ್ಟು ಅನ್ನಿಸಲು ಸುಮಾರು 10 ಪಟ್ಟು ವ್ಯಾಟ್ ಬೇಕು. ಮನೆಯಲ್ಲಿ ಹಾಡು ಕೇಳಲು ಹೆಚ್ಚಿನ ಹೊತ್ತು ಒಂದೆರಡು ವ್ಯಾಟ್ ಸಾಕಾಗುತ್ತದೆ.

ಮಸ್ಕಿಯಲ್ಲೋ ಲಿಂಗಸುಗೂರಿನಲ್ಲೋ ಸ್ಪೀಕರ್ ಕೊಳ್ಳುವಾಗ ಹಿಂಬದಿಯ ಚೀಟಿ ಓದಿ. ಎರಡರ ವ್ಯಾಟೂ ಹತ್ತಿರ ಹತ್ತಿರ ಇರಲಿ. ಆಂಪ್ಲಿಫೈಯರಿಗೆ 8 ಓಮ್ ಬೇಕೆಂದಿದ್ದರೆ 4 ಓಮ್ ಸ್ಪೀಕರ್ ಜೋಡಿಸಬೇಡಿ. ಹೆಚ್ಚು ವಿದ್ಯುತ್ ಹರಿದು ಆಂಪ್ಲಿಫೈಯರೇ ಕೆಟ್ಟೀತು.

ನೆನಪಿಡಿ: ಹಾಡು ಒಡೆದಂತೆ ಕೇಳಿಸಿದರೆ ಕೂಡಲೇ ವಾಲ್ಯೂಮ್ ಇಳಿಸಿ. ಸ್ಪೀಕರೂ ಉಳಿಯುತ್ತದೆ, ನಿಮ್ಮ ಕಿವಿಯೂ ಉಳಿಯುತ್ತದೆ.