ಕೋವಿಗೆ ಯಾವ ಕಣ್ಣು ಬೇಕು?

ಗೋವಾದಲ್ಲಿ 2023ರ ಅಕ್ಟೋಬರ್-ನವೆಂಬರ್‌ನಲ್ಲಿ 37ನೇ ರಾಷ್ಟ್ರೀಯ ಕ್ರೀಡಾಕೂಟ ನಡೆದಾಗ ಶೂಟಿಂಗ್ ಸ್ಪರ್ಧಿಗಳು ಸೇರಿದ್ದು ರಾಜ್ಯದ ಉತ್ತರ ತುದಿಯ ಮಾಂದ್ರೆಯಲ್ಲಿ. ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಪೂರ್ಣ ಅಂಕದ ಚುಕ್ಕಿಯ ಅಡ್ಡಳತೆ ಬರೀ ಅರ್ಧ ಮಿಲಿಮೀಟರ್. ಸಾಸಿವೆ ಕಾಳು ಅದಕ್ಕಿಂತ ದೊಡ್ಡದು. ಇಷ್ಟು ಸಣ್ಣ ಗುರಿಯಾದರೂ ರೈಫಲ್ ಮೇಲೆ ದುರ್ಬೀನು, ಅಂದರೆ ಸ್ಕೋಪ್, ಇರುವುದಿಲ್ಲ. ಸ್ಪರ್ಧೆಯ ನಿಯಮ ಅದಕ್ಕೆ ಅವಕಾಶ ಕೊಡುವುದಿಲ್ಲ.

ಬದಲಿಗೆ ಇರುವುದು ಒಂದು ತೂತು, ಒಂದು ಬಳೆ. ಕಣ್ಣಿನ ಹತ್ತಿರ ಸಣ್ಣ ರಂಧ್ರದ ಬಿಲ್ಲೆ, ನಳಿಗೆಯ ತುದಿಯಲ್ಲಿ ಪುಟ್ಟ ಉಂಗುರ. ಹಿಂದಿನ ಗುರಿಪಟ್ಟಿ, ಮುಂದಿನ ಗುರಿಪಟ್ಟಿ, ದೂರದ ಗುರಿ ಇವು ಮೂರೂ ಬೇರೆ ಬೇರೆ ದೂರದಲ್ಲಿರುತ್ತವೆ. ಮೂರನ್ನೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವ ಶಕ್ತಿ ಮನುಷ್ಯನ ಕಣ್ಣಿಗಿಲ್ಲ. ಸಣ್ಣ ರಂಧ್ರದ ಮೂಲಕ ನೋಡಿದಾಗ ಓರೆಯಾಗಿ ಬರುವ ಕಿರಣಗಳು ಹೊರಗೇ ಉಳಿದು, ಹತ್ತಿರದ್ದೂ ದೂರದ್ದೂ ಏಕಕಾಲಕ್ಕೆ ಸಾಕಷ್ಟು ತಿಳಿಯಾಗುತ್ತವೆ. ನುರಿತವರು ನೋಟವನ್ನು ಮುಂದಿನ ಉಂಗುರದ ಮೇಲೆಯೇ ಇಡುತ್ತಾರೆ. ಗುರಿ ತುಸು ಮಸುಕಾದರೂ ಚಿಂತೆಯಿಲ್ಲ. ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ಕಂಚು ಗೆದ್ದದ್ದು ಹೀಗೆ ತೂತಿನ ಮೂಲಕ ನೋಡಿಯೇ. ಅಲ್ಲಿ ಪೂರ್ಣ ಅಂಕದ ವೃತ್ತ 10.4 ಮಿಲಿಮೀಟರ್.

ಹಾಗಿದ್ದರೆ ಸ್ಕೋಪ್ ಯಾಕೆ ಬೇಕು? ದೂರದ ವಸ್ತುವನ್ನು ಹಿಗ್ಗಿಸಿ ತೋರಿಸುವುದು, ಗುರಿಯ ಗೆರೆಯನ್ನೂ ಗುರಿಯನ್ನೂ ಒಂದೇ ಸಮತಲಕ್ಕೆ ತರುವುದು ಅದರ ಕೆಲಸ. ನೂರಾರು ಮೀಟರ್ ದೂರಕ್ಕೆ ಅದು ನಿಜಕ್ಕೂ ಉಪಯುಕ್ತ. ಆದರೆ ಗುರಿಯ ಜೊತೆಗೆ ಕೈ ನಡುಕವೂ ಹಿಗ್ಗುತ್ತದೆ, ಸುತ್ತಲಿನ ನೋಟ ಕಿರಿದಾಗುತ್ತದೆ.

ಇದಕ್ಕೆ ಇನ್ನೊಂದು ದಾರಿ ತೋರಿಸಿದವರು ಡಬ್ಲಿನ್ನಿನ ದೂರದರ್ಶಕ ತಯಾರಕ ಹೊವಾರ್ಡ್ ಗ್ರಬ್. ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದ 15 ಇಂಚಿನ ದೂರದರ್ಶಕ ಬಂದದ್ದೂ ಗ್ರಬ್ ಕಾರ್ಖಾನೆಯಿಂದಲೇ. 1900ರಲ್ಲಿ ಅವರು ರೂಪಿಸಿದ ಪ್ರತಿಫಲನ ಗುರಿಗಾಜಿನ ಮೊಮ್ಮಗನೇ ಇಂದಿನ ರೆಡ್ ಡಾಟ್. ಪುಟ್ಟ ಎಲ್‌ಇಡಿಯ ಬೆಳಕು ಬಾಗಿದ ಗಾಜಿಗೆ ಬಡಿದು, ಸಮಾಂತರ ಕಿರಣಗಳಾಗಿ ಕಣ್ಣಿಗೆ ಮರಳುತ್ತದೆ. ಹಾಗಾಗಿ ಕೆಂಪು ಚುಕ್ಕಿ ಬಹುದೂರದಲ್ಲಿ, ಗುರಿಯ ಮೇಲೆಯೇ ಕೂತಂತೆ ತೋರುತ್ತದೆ. ಹಿಗ್ಗಿಸುವುದೇನೂ ಇಲ್ಲ, ಎರಡೂ ಕಣ್ಣು ತೆರೆದೇ ಗುರಿ ಹಿಡಿಯಬಹುದು. ಅಸ್ಟಿಗ್ಮ್ಯಾಟಿಸಂ ಎಂಬ ದೃಷ್ಟಿದೋಷ ಇರುವವರಿಗೆ ಮಾತ್ರ ಆ ಚುಕ್ಕಿ ಸಿಡಿದ ನಕ್ಷತ್ರದಂತೆ ಕಾಣುತ್ತದೆ. ಅಂಥವರು ಹಣ ಕೊಡುವ ಮೊದಲು ಕಣ್ಣಿಟ್ಟು ನೋಡಲೇಬೇಕು.

ಇನ್ನು ಕ್ರೀಡಾಂಗಣ ಬಿಟ್ಟು ತೋಟಕ್ಕೆ ಬರೋಣ. ಗೋವಾದ ಸತ್ತರಿ, ಸಾಂಗೆ, ಕಾಣಕೋಣ ತಾಲ್ಲೂಕುಗಳ ಕುಳಾಗರ ಎಂಬ ತೋಟಗಳಲ್ಲಿ ಅಡಿಕೆ, ತೆಂಗು, ಬಾಳೆಗೆ ಕಾಡುಹಂದಿ, ಕೋತಿ, ಕಾಟಿಗಳ ಕಾಟ ತಪ್ಪಿದ್ದಲ್ಲ. ಬೆಳೆ ರಕ್ಷಣೆಯ ಪರವಾನಗಿ ಪಡೆದ ಕೋವಿಗಳು ಅಲ್ಲಿನ ಮನೆಗಳಲ್ಲಿ ಇವೆ. 1959ರ ಆಯುಧ ಕಾಯ್ದೆಯೂ ಬೆಳೆ ಕಾಯಲು ಬಾಯಿಂದ ಮದ್ದು ತುಂಬುವ ಕೋವಿಯನ್ನು, ರಕ್ಷಣೆ ಅಥವಾ ಕ್ರೀಡೆಗೆ 20 ಇಂಚಿಗೆ ಕಡಿಮೆಯಿಲ್ಲದ ನುಣುಪು ನಳಿಗೆಯ ಬಂದೂಕನ್ನು ಹೆಸರಿಸುತ್ತದೆ. ನುಣುಪು ನಳಿಗೆಯಲ್ಲಿ ಗುಂಡನ್ನು ತಿರುಗಿಸುವ ಸುರುಳಿಗೆರೆಗಳಿಲ್ಲ. ಅದರಿಂದ ಹಾರಿದ ಚರೆ ನಲವತ್ತು ಮೀಟರ್ ದಾಟಿದ ಮೇಲೆ ಚದುರಿ ನೆಚ್ಚಿಕೆ ಕಳೆದುಕೊಳ್ಳುತ್ತದೆ. ಅಷ್ಟು ದೂರಕ್ಕೆ ನಳಿಗೆಯ ತುದಿಯ ಮಣಿಯೇ ಧಾರಾಳ. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಮರದ ಮೇಲಿನ ತೆಂಗಿನಕಾಯಿಗೆ ಗುಂಡು ಹೊಡೆಯುವವರೂ ಹೆಚ್ಚಿನ ಗಾಜನ್ನು ನೆಚ್ಚಿದವರಲ್ಲ. ಇಂಥ ಕೋವಿಗೆ ದುಬಾರಿ ಸ್ಕೋಪ್ ಏರಿಸುವುದು ಹಣ ಸುಟ್ಟ ಹಾಗೆ.

ಹಣಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಸ್ಕೋಪಿನಲ್ಲಿ ಏನನ್ನು ನೋಡಿದರೂ ನಳಿಗೆ ಅದರ ಕಡೆಗೇ ತಿರುಗಿರುತ್ತದೆ. ಪೊದೆಯಲ್ಲಿ ಅಲುಗಿದ್ದು ಹಂದಿಯೋ, ನಾಯಿಯೋ, ಹೊಲ ಕಾಯಲು ಬಂದ ಪಕ್ಕದ ಮನೆಯವನೋ ಎಂದು ತಿಳಿಯುವ ಮೊದಲೇ ಅವನು ಗುರಿಯಾಗಿಬಿಟ್ಟಿರುತ್ತಾನೆ. ಹಂದಿ ಎಂದುಕೊಂಡು ಮನುಷ್ಯನಿಗೇ ಈಡು ಹೊಡೆದ ಸುದ್ದಿಗಳನ್ನು ಮಲೆನಾಡಿನವರು ಓದಿ ನೊಂದಿದ್ದಾರೆ. ಗುರುತಿಸುವ ಕೆಲಸ ಬೈನಾಕ್ಯುಲರ್‌ಗೆ ಸೇರಿದ್ದು. ಕೋವಿ ನೆಲ ನೋಡುತ್ತಿರಲಿ.

ಬೈನಾಕ್ಯುಲರ್ ಆರಿಸುವಾಗ ಹೆಚ್ಚು ಹಿಗ್ಗಿಸುವುದೇ ಮೇಲು ಎಂದು ಭಾವಿಸುವವರು ಬಹಳ. ಸಾಧನದ ಮೇಲೆ ಬರೆದ ಎರಡು ಅಂಕಿಗಳನ್ನು ಭಾಗಿಸಿ ನೋಡಿದರೆ ವಿಷಯ ಬಿಚ್ಚಿಕೊಳ್ಳುತ್ತದೆ. 8x42 ಎಂದರೆ ಎಂಟು ಪಟ್ಟು ಹಿಗ್ಗಿಸುವ, ಮುಂದಿನ ಗಾಜು 42 ಮಿಲಿಮೀಟರ್ ಅಗಲದ ಸಾಧನ. 42ನ್ನು 8ರಿಂದ ಭಾಗಿಸಿದರೆ 5.25, ಕಣ್ಣಿಗೆ ಬರುವ ಬೆಳಕಿನ ಕಂತೆಯ ಅಗಲ ಅಷ್ಟು ಮಿಲಿಮೀಟರ್. 10x25 ಸಾಧನದಲ್ಲಿ ಅದು ಎರಡೂವರೆ ಮಾತ್ರ. ಕತ್ತಲಲ್ಲಿ ಕಣ್ಣಿನ ಪಾಪೆ ಯುವಕರಲ್ಲಿ ಸುಮಾರು ಏಳು ಮಿಲಿಮೀಟರ್‌ವರೆಗೆ ಅಗಲವಾಗುತ್ತದೆ, ವಯಸ್ಸಾದಂತೆ ಕುಗ್ಗುತ್ತದೆ. ಪ್ರಾಣಿಗಳು ತೋಟಕ್ಕಿಳಿಯುವ ಮುಸ್ಸಂಜೆಗೆ ಜೇಬಿಗೆ ಹಿಡಿಸುವ 10x25 ಸಾಲದು. 8x42 ಕೊಳ್ಳುವುದೇ ಸರಿ.

ಶಾಖ ಹಿಡಿಯುವ ಥರ್ಮಲ್ ಸಾಧನಗಳನ್ನು ಈಗ ಬೆಂಗಳೂರಿನ ಟೊನ್ಬೊ ಇಮೇಜಿಂಗ್‌ನಂಥ ಸಂಸ್ಥೆಗಳು ಸೇನಾಪಡೆಗಳಿಗಾಗಿ ತಯಾರಿಸುತ್ತಿವೆ. ಸಾಮಾನ್ಯ ಗಾಜು ಶಾಖದ ಕಿರಣಗಳನ್ನು ತಡೆಯುವುದರಿಂದ ಈ ಸಾಧನಗಳ ಮಸೂರಕ್ಕೆ ಜರ್ಮೇನಿಯಂನಂಥ ವಸ್ತು ಬೇಕು. ಬೆಲೆ ಏರಲು ಅದೂ ಒಂದು ಕಾರಣ. ಮಳೆ, ಮಂಜು ದಟ್ಟವಾದರೆ ಅವುಗಳ ನೋಟವೂ ಮೊಂಡಾಗುತ್ತದೆ.

ಮಳೆಯ ಮಾತು ಬಂತಲ್ಲ, ಗೋವಾದಲ್ಲಿ ಗಾಜಿನ ದೊಡ್ಡ ಶತ್ರು ಅದೇ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುವ ಕರಾವಳಿಯಲ್ಲಿ ಮಸೂರದೊಳಗೆ ಬೂಷ್ಟು ಜೇಡರಬಲೆಯಂತೆ ಹರಡಿ ಲೇಪವನ್ನು ತಿನ್ನುತ್ತದೆ. ಒಳಗೆ ಒಣ ನೈಟ್ರೋಜನ್ ತುಂಬಿ ಬಿಗಿಮಾಡಿದ ಸಾಧನವನ್ನೇ ಕೊಳ್ಳಬೇಕು. ಬೀರುವಿನಲ್ಲಿ ಚರ್ಮದ ಚೀಲದೊಳಗೆ ಇಡುವುದು ತಪ್ಪು, ಚರ್ಮ ತೇವ ಹಿಡಿದಿಡುತ್ತದೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಪೊಟ್ಟಣ, ತೇವಾಂಶ ಶೇ. 40ರಿಂದ 50 ಇದ್ದರೆ ಸಾಕು. ಜೆಲ್ ಬಣ್ಣಗೆಟ್ಟರೆ ಬಿಸಿ ಮಾಡಿ ಒಣಗಿಸಿಕೊಳ್ಳಬಹುದು.

ಯಾವ ಗುರಿಸಾಧನವೇ ಇರಲಿ, ಕೋವಿಗೆ ಹೊಂದಿಸದಿದ್ದರೆ ವ್ಯರ್ಥ. ಕೋನದ ಒಂದು ನಿಮಿಷದಷ್ಟು, ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ ಸರಿದರೂ ನೂರು ಮೀಟರಿನಲ್ಲಿ ಸುಮಾರು 2.9 ಸೆಂಟಿಮೀಟರ್ ತಪ್ಪುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್ ಫೈನಲ್‌ಗೆ ಸ್ವಲ್ಪ ಮೊದಲು ಅಭಿನವ್ ಬಿಂದ್ರಾ ಹಾರಿಸಿದ ಪರೀಕ್ಷಾ ಗುಂಡು ನಡುವಿನಿಂದ ಬಹಳ ದೂರ ಬಿತ್ತು, ಗುರಿಪಟ್ಟಿ ಜರುಗಿತ್ತು ಎಂದು ಅವರೇ ಹೇಳಿದ್ದಾರೆ. ಅದನ್ನು ತಿದ್ದಿಕೊಂಡೇ ಅವರು ಚಿನ್ನ ಗೆದ್ದದ್ದು.

ತೋಟದ ಒಡೆಯರು ಮೊದಲು ಕೊಳ್ಳಬೇಕಾದ್ದು ಒಳ್ಳೆಯ ಬೈನಾಕ್ಯುಲರ್, ಪ್ರಖರ ಟಾರ್ಚು, ಒಣ ಡಬ್ಬಿ. ಕೋವಿಗೆ ಏನನ್ನು ಜೋಡಿಸುವುದಿದ್ದರೂ ಪರವಾನಗಿ ಕೊಟ್ಟ ಅಧಿಕಾರಿಯನ್ನು ಮುಂಚೆಯೇ ಕೇಳಿ. ಗೋವಾದ ರಾಜ್ಯಪ್ರಾಣಿ ಕಾಟಿ. ಅದು 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಹಂದಿಗೂ ಕಾನೂನಿನ ರಕ್ಷಣೆಯಿದೆ. ಕೈಯಲ್ಲಿ ಕೋವಿಯ ಪರವಾನಗಿ ಇದ್ದರೆ ಬೇಟೆಯ ಅನುಮತಿ ಇದ್ದಂತಲ್ಲ. ಹಾನಿ ಮಿತಿಮೀರಿದರೆ ಅರಣ್ಯ ಇಲಾಖೆಗೆ ಬರೆಯಿರಿ, ಪರಿಹಾರ ಕೇಳಿ.