ದಪ್ಪಗಿರುವವರು ಕಡಲಾಳಕ್ಕೆ ಇಳಿಯಬಹುದೇ?

ಮುರುಡೇಶ್ವರಕ್ಕೆ ಹೋದವರು ದೇವರ ದರ್ಶನ ಮಾಡಿ, ಸಮುದ್ರದಲ್ಲಿ ಕಾಲು ನೆನೆಸಿಕೊಂಡು ಹಿಂತಿರುಗುತ್ತಿದ್ದ ಕಾಲವೊಂದಿತ್ತು. ಈಗ ಅಲ್ಲಿಂದ ದೋಣಿ ಹತ್ತಿ, ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಬಳಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿದು, ಬಣ್ಣಬಣ್ಣದ ಮೀನುಗಳನ್ನು ನೋಡಿ ಬರುವವರೂ ಇದ್ದಾರೆ. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಅಲ್ಲಿನ ಕಡಲಾಳವನ್ನು ತೋರಿಸಿದ ಮೇಲೆ ಈ ಆಸೆ ಹಲವು ಮನೆಗಳಿಗೆ ಹಬ್ಬಿದೆ.

ಸ್ಕೂಬಾ ಡೈವಿಂಗ್ ಎಂದು ಕರೆಯುವ ಈ ವಿದ್ಯೆ ಹಳೆಯದೇನಲ್ಲ. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾನ್ ಎಂಬುವರು ಬೇಕಾದಾಗ ಬೇಕಾದಷ್ಟೇ ಗಾಳಿಯನ್ನು ಬಾಯಿಗೆ ಒದಗಿಸುವ ಸಾಧನವನ್ನು ರೂಪಿಸಿದ ಬಳಿಕ ಸಾಮಾನ್ಯ ಜನರಿಗೂ ಇದು ಕೈಗೆಟುಕಿತು.

ನಮ್ಮಲ್ಲಿಗೆ ಬರುವ ಕೆಲವರು ಸಂಕೋಚದಿಂದಲೇ ಕೇಳುತ್ತಾರೆ: “ಡಾಕ್ಟ್ರೇ, ನನ್ನ ತೂಕ ಜಾಸ್ತಿ. ನಾನು ಹೋಗಬಹುದಾ?” ಚಿಕ್ಕ ಉತ್ತರ ಇಷ್ಟು: ತೂಕ ಹೆಚ್ಚಿದೆ ಎಂಬ ಒಂದೇ ಕಾರಣಕ್ಕೆ ಬೇಡ ಎನ್ನಬೇಕಾಗಿಲ್ಲ. ಆದರೆ ಬೊಜ್ಜು ಒಂಟಿಯಾಗಿ ಬರುವುದು ಕಡಿಮೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್, ಗೊರಕೆ, ಏದುಸಿರು ಎಂಬ ನೆಂಟರನ್ನೂ ಕರೆತರುತ್ತದೆ. ನೀರಿಗಿಳಿಯುವ ಮೊದಲು ಈ ನೆಂಟರ ವಿಚಾರಣೆ ಆಗಬೇಕು.

ತೂಕ ಹೆಚ್ಚೆಂದರೆ ಎಷ್ಟು?

ಕಿಲೋಗ್ರಾಂ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆಯೇ ದೇಹತೂಕದ ಸೂಚ್ಯಂಕ. ಭಾರತೀಯರಲ್ಲಿ ಇದು 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು ಎಂದು ಲೆಕ್ಕ. ಇನ್ನೂ ಸುಲಭವಾದ ಅಳತೆ ಸೊಂಟದ ಸುತ್ತಳತೆ. ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಿದ್ದರೆ ಎಚ್ಚರವಹಿಸಬೇಕು. ತೊಡೆಯಲ್ಲಿರುವ ಕೊಬ್ಬಿಗಿಂತ ಹೊಟ್ಟೆಯ ಕೊಬ್ಬು ಹೃದಯಕ್ಕೆ ಹೆಚ್ಚು ಕೇಡು.

ನೀರಿನಲ್ಲಿ ಹಗುರ, ಸೀಸದಲ್ಲಿ ಭಾರ

ನೆಲದ ಮೇಲೆ ಮಂಡಿನೋವಿನಿಂದ ನರಳುವ ದಪ್ಪ ಮನುಷ್ಯ ನೀರಿನಲ್ಲಿ ಹಗುರಾಗುತ್ತಾನೆ. ಕೊಬ್ಬು ನೀರಿಗಿಂತ ಹಗುರವಾದ್ದರಿಂದ ಅವನು ತೇಲುವುದೂ ಸುಲಭ. ಮೈಯಲ್ಲಿ ಕೊಬ್ಬಿರುವುದರಿಂದ ಚಳಿಯೂ ತಡವಾಗಿ ಹಿಡಿಯುತ್ತದೆ. ಇವು ಅನುಕೂಲಗಳು.

ಅನನುಕೂಲವೂ ಇಲ್ಲಿಂದಲೇ ಶುರುವಾಗುತ್ತದೆ. ತೇಲುವವನು ಮುಳುಗಬೇಕಾದರೆ ಸೊಂಟಕ್ಕೆ ಸೀಸದ ತುಂಡುಗಳನ್ನು ಕಟ್ಟಿಕೊಳ್ಳಬೇಕು. ದಪ್ಪಗಿರುವವರಿಗೆ ಸೀಸ ತುಸು ಹೆಚ್ಚೇ ಬೇಕಾಗುತ್ತದೆ. ಆದರೆ ಮೈ ನೋಡಿ ಅಂದಾಜಿನಲ್ಲಿ ಹೇರುವುದು ಸರಿಯಲ್ಲ. ಅತಿಯಾಗಿ ಸೀಸ ಕಟ್ಟಿದರೆ ಮನುಷ್ಯ ತಳಕ್ಕೆ ಜಗ್ಗುತ್ತಾನೆ. ಅದನ್ನು ಸರಿದೂಗಿಸಲು ಮೈಮೇಲಿನ ಜಾಕೆಟ್ಟಿಗೆ ಗಾಳಿ ತುಂಬಬೇಕಾಗುತ್ತದೆ. ಮೇಲೇರುವಾಗ ಆ ಗಾಳಿ ಹಿಗ್ಗಿ ಅವನನ್ನು ಹತೋಟಿಯಿಲ್ಲದೆ ಮೇಲಕ್ಕೆ ಎಸೆಯುತ್ತದೆ. ಜಾಕೆಟ್ಟಿನ ಗಾಳಿ ಪೂರ್ತಿ ಬಿಟ್ಟು, ಸಾಧಾರಣ ಉಸಿರು ಒಳಗಿಟ್ಟುಕೊಂಡಾಗ ನೀರಿನ ಮಟ್ಟ ಕಣ್ಣಿನ ಸಮಕ್ಕೆ ನಿಲ್ಲಬೇಕು. ಉಸಿರು ಬಿಟ್ಟಾಗ ಮೆಲ್ಲನೆ ಮುಳುಗಬೇಕು. ಇದೇ ಸರಿಯಾದ ಸೀಸದ ಗುರುತು. ಗುಂಡು ಹೊಟ್ಟೆಯವರಲ್ಲಿ ಸೊಂಟದ ಪಟ್ಟಿ ಜಾರುವುದುಂಟು. ಜಾಕೆಟ್ಟಿನ ಜೇಬಿನಲ್ಲೇ ಸೀಸ ಇಡುವ ವ್ಯವಸ್ಥೆ ಇದೆಯೇ ಎಂದು ಕೇಳಿ.

ಉಡುಪಿನ ಬಗ್ಗೆಯೂ ಒಂದು ಮಾತು. ಬಾಡಿಗೆಗೆ ಕೊಡುವ ರಬ್ಬರ್ ಉಡುಪು ನಿಮ್ಮ ಅಳತೆಗೆ ಸಿಗದಿರಬಹುದು. ಎದೆ ಮತ್ತು ಕುತ್ತಿಗೆಯನ್ನು ಬಿಗಿಯುವ ಉಡುಪಿನಲ್ಲಿ ಉಸಿರು ಕಟ್ಟುತ್ತದೆ, ಕುತ್ತಿಗೆಯ ರಕ್ತನಾಳ ಒತ್ತಿ ತಲೆ ಸುತ್ತಬಹುದು. ನಮ್ಮ ಕರಾವಳಿಯ ನೀರು ಬೆಚ್ಚಗಿರುವುದರಿಂದ ಅಳತೆಗೆ ಸರಿಯಾದ ತೆಳು ಉಡುಪೇ ವಾಸಿ.

ಹೃದಯದ ಮೇಲಿನ ಹೊರೆ

ಡೈವಿಂಗ್ ಎಂದರೆ ಜನ ಶಾರ್ಕಿಗೆ ಹೆದರುತ್ತಾರೆ. ನಿಜವಾಗಿ ಹೆದರಬೇಕಾದದ್ದು ಸ್ವಂತ ಹೃದಯಕ್ಕೆ. ನಡುವಯಸ್ಸು ದಾಟಿದವರು ಡೈವಿಂಗ್ ವೇಳೆ ಸಾವಿಗೀಡಾದ ಪ್ರಕರಣಗಳಲ್ಲಿ ಹೃದಯದ ತೊಂದರೆ ಮುಖ್ಯ ಕಾರಣಗಳಲ್ಲೊಂದು.

ಕುತ್ತಿಗೆಯವರೆಗೆ ನೀರಿನಲ್ಲಿ ನಿಂತೊಡನೆ ಕಾಲುಗಳ ರಕ್ತ ಎದೆಯ ಕಡೆಗೆ ಸರಿಯುತ್ತದೆ. ಇದು ಸುಮಾರು ಅರ್ಧ ಲೀಟರಿನಷ್ಟಿರುತ್ತದೆ. ಈ ಹೆಚ್ಚುವರಿ ರಕ್ತವನ್ನು ಹೃದಯ ನಿಭಾಯಿಸಬೇಕು. ಆರೋಗ್ಯವಂತ ಹೃದಯಕ್ಕೆ ಇದೇನೂ ಕಷ್ಟವಲ್ಲ. ಹತೋಟಿ ತಪ್ಪಿದ ರಕ್ತದೊತ್ತಡದಿಂದ ದಣಿದ ಹೃದಯವಾದರೆ ಶ್ವಾಸಕೋಶದೊಳಗೆ ನೀರು ಜಿನುಗಿ ಉಬ್ಬಸ, ಕೆಮ್ಮು, ನೊರೆ ಕಾಣಿಸಬಹುದು. ನೀರು ಕುಡಿಯದೆಯೇ ಶ್ವಾಸಕೋಶ ನೀರಿನಿಂದ ತುಂಬುವ ಸ್ಥಿತಿ ಇದು. ಇಂಥ ಲಕ್ಷಣ ಕಂಡರೆ ಕೂಡಲೇ ಶಿಕ್ಷಕರಿಗೆ ಸನ್ನೆ ಮಾಡಿ, ಅವರೊಂದಿಗೆ ಮೇಲೆ ಬರಬೇಕು.

ಅತಿ ಹೆಚ್ಚು ಶ್ರಮದ ಗಳಿಗೆ ನೀರಿನಾಳದಲ್ಲಲ್ಲ, ದೋಣಿಯ ಏಣಿಯ ಮೇಲೆ. ಸಿಲಿಂಡರ್, ಸೀಸ ಎಲ್ಲ ಸೇರಿ 20 ಕಿಲೋ ದಾಟುವ ಹೊರೆ ಹೊತ್ತು, ಅಲುಗಾಡುವ ಏಣಿಯನ್ನು ಹತ್ತಬೇಕು. ಅಷ್ಟು ಹೊತ್ತು ಹಗುರವಾಗಿದ್ದ ಮೈ ಒಮ್ಮೆಲೇ ಭಾರವಾಗುತ್ತದೆ. ಸಿಲಿಂಡರ್ ಮತ್ತು ಸೀಸವನ್ನು ನೀರಿನಲ್ಲೇ ಬಿಚ್ಚಿ ದೋಣಿಯವರ ಕೈಗೆ ಕೊಟ್ಟು, ಬರಿಮೈಯಲ್ಲಿ ಹತ್ತುವ ಏರ್ಪಾಡನ್ನು ಮೊದಲೇ ಮಾತಾಡಿಕೊಳ್ಳಿ. ಇದರಲ್ಲಿ ಅವಮಾನವೇನಿಲ್ಲ.

ಕಿವಿ ಮತ್ತು ಉಸಿರು

ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಭಾರದಷ್ಟು ಒತ್ತಡ ಸೇರುತ್ತದೆ. ಅಂದರೆ 10 ಮೀಟರ್ ಆಳದಲ್ಲಿ ಮೈಮೇಲಿನ ಒತ್ತಡ ನೆಲದ ಮೇಲಿದ್ದುದರ ಎರಡರಷ್ಟು. ಇಳಿಯುವಾಗ ಕಿವಿಯ ತಮಟೆ ಒಳಕ್ಕೆ ಒತ್ತುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿ ಸರಿಪಡಿಸಿಕೊಳ್ಳಬೇಕು. ನೋವು ಶುರುವಾಗುವ ಮುನ್ನವೇ ಮಾಡಬೇಕು. ನೆಗಡಿ ಇದ್ದ ದಿನ ನೀರಿಗಿಳಿಯಲೇಬಾರದು.

ಎಲ್ಲಕ್ಕಿಂತ ಮುಖ್ಯವಾದ ನಿಯಮ, ಸಿಲಿಂಡರಿನ ಗಾಳಿ ಸೇದುವಾಗ ಉಸಿರು ಬಿಗಿಹಿಡಿಯದಿರುವುದು. 10 ಮೀಟರ್ ಆಳದಲ್ಲಿ ಎದೆ ತುಂಬ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಬಾಯಿ ಮುಚ್ಚಿದ್ದರೆ ಶ್ವಾಸಕೋಶ ಹರಿದು, ಗಾಳಿಗುಳ್ಳೆ ರಕ್ತಕ್ಕೆ ಸೇರಿ ಮಿದುಳಿಗೆ ಹೋಗಬಹುದು. ಗಾಬರಿಗೊಂಡು ಮೇಲಕ್ಕೆ ನುಗ್ಗುವವರಿಗೆ ಈ ಅಪಾಯ ಹೆಚ್ಚು. ದೊಡ್ಡ ಮೈಯವರ ಸಿಲಿಂಡರ್ ಬೇಗ ಖಾಲಿಯಾಗುವುದುಂಟು. ಗಾಳಿಯ ಮಾಪಕವನ್ನು ಆಗಾಗ ನೋಡುವ ಅಭ್ಯಾಸವಿರಲಿ, ಬೇರೆಯವರಿಗಿಂತ ಮೊದಲು ಮೇಲೆ ಬರಲು ನಾಚಿಕೆ ಬೇಡ.

ಸಾರಜನಕದ ಲೆಕ್ಕ

ನಾವು ಉಸಿರಾಡುವ ಗಾಳಿಯಲ್ಲಿ ಶೇಕಡ 78ರಷ್ಟು ಸಾರಜನಕವಿದೆ. ಆಳದ ಒತ್ತಡದಲ್ಲಿ ಅದು ರಕ್ತದ ಮೂಲಕ ಮೈಯೆಲ್ಲ ಕರಗಿ ಸೇರುತ್ತದೆ. ಮೆಲ್ಲನೆ ಮೇಲೆ ಬಂದರೆ ಉಸಿರಿನ ಮೂಲಕ ಹೊರಹೋಗುತ್ತದೆ. ದಡಬಡನೆ ಬಂದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಗುಳ್ಳೆಗಳಾಗಿ ಹೊಮ್ಮುತ್ತದೆ. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆ ಕಟ್ಟುವಾಗ, ನದಿಯ ತಳದಲ್ಲಿ ಒತ್ತಡದ ಗಾಳಿ ತುಂಬಿದ ಕೋಣೆಗಳಲ್ಲಿ ದುಡಿದ ಕೂಲಿಗಳನ್ನು ಕಾಡಿದ್ದು ಇದೇ ರೋಗ. ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1872ರಲ್ಲಿ ಇದಕ್ಕೆ ತುತ್ತಾಗಿ ಹಾಸಿಗೆ ಹಿಡಿದರು. ಹಂತಹಂತವಾಗಿ ಮೇಲೆ ಬಂದರೆ ಇದನ್ನು ತಪ್ಪಿಸಬಹುದೆಂದು 1908ರಲ್ಲಿ ಬ್ರಿಟನ್ನಿನ ವಿಜ್ಞಾನಿ ಹಾಲ್ಡೇನ್ ತೋರಿಸಿಕೊಟ್ಟರು.

ಕೊಬ್ಬಿನಲ್ಲಿ ಸಾರಜನಕ ನೀರಿಗಿಂತ ಸುಮಾರು ಐದರಷ್ಟು ಹೆಚ್ಚು ಕರಗುತ್ತದೆ. ಕೊಬ್ಬಿಗೆ ರಕ್ತಸಂಚಾರ ಕಡಿಮೆ. ಆದ್ದರಿಂದ ಸಾರಜನಕ ಅಲ್ಲಿಗೆ ಸೇರುವುದೂ ನಿಧಾನ, ಬಿಡುವುದೂ ನಿಧಾನ. ಒಂದೇ ಸಲ, ಕಡಿಮೆ ಆಳಕ್ಕೆ, ಸ್ವಲ್ಪ ಹೊತ್ತು ಇಳಿಯುವವರಿಗೆ ಇದರಿಂದ ದೊಡ್ಡ ಬಾಧೆಯಿಲ್ಲ. ಅಂಡಮಾನಿನಂಥ ಕಡೆ ದಿನಕ್ಕೆ ಹಲವು ಸಲ, ನಾಲ್ಕೈದು ದಿನ ಸತತವಾಗಿ ಇಳಿಯುವವರು ಯೋಚಿಸಬೇಕು. ದಪ್ಪಗಿರುವವರಿಗೆಲ್ಲ ಈ ರೋಗ ಬಂದೇ ಬರುತ್ತದೆಂದು ತಿಳಿಯಬೇಡಿ. ಈ ಕುರಿತ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಆದರೂ ಕೈಗಡಿಯಾರದಂತೆ ಕಟ್ಟಿಕೊಳ್ಳುವ ಡೈವ್ ಕಂಪ್ಯೂಟರಿಗೆ ನಿಮ್ಮ ಮೈಯ ಕೊಬ್ಬು ಎಷ್ಟೆಂದು ಗೊತ್ತಿರುವುದಿಲ್ಲ. ಅದು ಹಾಕಿಕೊಟ್ಟ ಗೆರೆಯ ತನಕ ಹೋಗದೆ ಸಾಕಷ್ಟು ಈಚೆಗೇ ನಿಲ್ಲುವುದು ಜಾಣತನ. ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಏರಬೇಡಿ. ಮೇಲೆ ಬರುವಾಗ 5 ಮೀಟರ್ ಆಳದಲ್ಲಿ 3 ನಿಮಿಷ ನಿಂತು ಬನ್ನಿ.

ನಮ್ಮ ನಾಡಿನವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಒಂದು ಸಲ ಇಳಿದವರು ಕನಿಷ್ಠ 12 ಗಂಟೆ, ಹಲವು ಸಲ ಇಳಿದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಎತ್ತರದಲ್ಲಿ ಗಾಳಿಯ ಒತ್ತಡ ತಗ್ಗಿ ಗುಳ್ಳೆಗಳು ಹೊಮ್ಮುತ್ತವೆ. ವಿಮಾನಕ್ಕೆ ಅನ್ವಯಿಸುವುದು ಘಟ್ಟಕ್ಕೂ ಅನ್ವಯಿಸುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಧ್ಯಾಹ್ನ ನೇತ್ರಾಣಿಯಲ್ಲಿ ನೀರಿನಿಂದೆದ್ದು ಸಂಜೆಯೇ ಬಸ್ಸು ಹತ್ತಿ ಘಟ್ಟ ಏರುವುದಕ್ಕಿಂತ, ಆ ರಾತ್ರಿ ಕರಾವಳಿಯಲ್ಲೇ ತಂಗಿ ಮರುದಿನ ಹೊರಡುವುದು ಕ್ಷೇಮ.

ಡೈವಿಂಗ್ ಆದ ಮೇಲೆ ಕೀಲುನೋವು, ಚರ್ಮದಲ್ಲಿ ತುರಿಕೆ, ಜೋಮು, ಕೈಕಾಲು ಸೋಲುವುದು, ತಲೆಸುತ್ತು ಕಾಣಿಸಿದರೆ ನೋವಿನ ಮಾತ್ರೆ ನುಂಗಿ ಮಲಗಬೇಡಿ. ಎದೆನೋವು ಬಂದರೆ ಗ್ಯಾಸ್ ಎಂದು ಸೋಡಾ ಕುಡಿಯುತ್ತಾ ಕೂರಬೇಡಿ. ಆಮ್ಲಜನಕ ಕೊಡಿಸಿ ಕೂಡಲೇ ಆಸ್ಪತ್ರೆಗೆ ಹೋಗಿ, ನೀರಿಗಿಳಿದಿದ್ದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ಹೇಳಿ.

ಫಾರಂನಲ್ಲಿ ನಿಜ ಬರೆಯಿರಿ

ಡೈವಿಂಗ್ ಕಲಿಸುವವರು ಮೊದಲು ಆರೋಗ್ಯದ ಪ್ರಶ್ನಾವಳಿಯೊಂದನ್ನು ಕೊಡುತ್ತಾರೆ. ಯಾವುದಕ್ಕಾದರೂ ‘ಹೌದು’ ಎಂದು ಬರೆದರೆ ವೈದ್ಯರ ಸಹಿ ಬೇಕಾಗಬಹುದು. ಹಾಗಾಗಿ ಹಲವರು ಎಲ್ಲಕ್ಕೂ ‘ಇಲ್ಲ’ ಎಂದು ಗೀಚುತ್ತಾರೆ.

46 ವರ್ಷದ, 98 ಕಿಲೋ ತೂಕದ ಬ್ಯಾಂಕ್ ಉದ್ಯೋಗಿಯೊಬ್ಬರು ಮಗಳು ಕಾದಿರಿಸಿದ್ದ ಪ್ರವಾಸಕ್ಕೆ ಹೊರಡುವ ವಾರ ನನ್ನಲ್ಲಿಗೆ ಬಂದರು. ಆರು ವರ್ಷದಿಂದ ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ಫಾರಂನಲ್ಲಿ ‘ಇಲ್ಲ’ ಎಂದಿತ್ತು. “ಮಾತ್ರೆ ತಗೊಂಡ್ರೆ ಬಿಪಿ ಸರಿಯಾಗೇ ಇರುತ್ತಲ್ಲ ಡಾಕ್ಟ್ರೇ, ಇದೆ ಅಂತ ಯಾಕೆ ಬರೀಬೇಕು?” ಎಂಬುದು ಅವರ ವಾದ. ಅಳೆದು ನೋಡಿದರೆ 160/100. ಎರಡು ಮಹಡಿ ಹತ್ತಿಸಿದರೆ ಮಾತಾಡಲು ಉಸಿರಿರಲಿಲ್ಲ. ಈ ವಾರ ಬೇಡ ಎಂದೆ. ಮನೆಯವರಿಗೆ ಬೇಸರವಾಯಿತು. ಮಾತ್ರೆ ಬದಲಾಯಿಸಿ, ಊಟ ತಿದ್ದಿ, ದಿನವೂ ನಡೆಯಲು ಹಚ್ಚಿದೆವು. ನಾಲ್ಕು ತಿಂಗಳಲ್ಲಿ ತೂಕ 91ಕ್ಕೆ ಇಳಿಯಿತು, ರಕ್ತದೊತ್ತಡ ಹತೋಟಿಗೆ ಬಂತು, ಟ್ರೆಡ್‌ಮಿಲ್ ಪರೀಕ್ಷೆ ಸರಿಯಾಗಿತ್ತು. ಆಮೇಲೆ ಸಹಿ ಹಾಕಿದೆ. ಅವರಿನ್ನೂ ದಪ್ಪಗೇ ಇದ್ದರು, ಆದರೆ ಹೃದಯ ಸಿದ್ಧವಾಗಿತ್ತು. ತಂದೆ ಮಗಳು ಹೋಗಿ ಬಂದರು.

ಎಲ್ಲರದೂ ಹೀಗೆ ಮುಗಿಯುವುದಿಲ್ಲ. ಇದೇ ಸಹಿಗಾಗಿ ಬಂದ ಮತ್ತೊಬ್ಬರ ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ದೋಷ ಕಂಡು, ಮುಂದಿನ ತಪಾಸಣೆಯಲ್ಲಿ ಹೃದಯದ ರಕ್ತನಾಳ ಕಟ್ಟಿಕೊಂಡಿರುವುದು ಪತ್ತೆಯಾಯಿತು. ಸುಮ್ಮನೆ ಮಲಗಿಸಿ ತೆಗೆದ ಇಸಿಜಿ ಸರಿಯಾಗಿಯೇ ಇತ್ತು. ಅವರು ನೀರಿಗಿಳಿಯಲಿಲ್ಲ, ಚಿಕಿತ್ಸೆ ಪಡೆದು ಆರಾಮವಾಗಿದ್ದಾರೆ.

ತಯಾರಿ ಹೇಗೆ?

* ಆ ಪ್ರಶ್ನಾವಳಿಯಲ್ಲೇ ಒಂದು ಒರೆಗಲ್ಲು ಇದೆ: 1.6 ಕಿಲೋಮೀಟರ್ ದೂರವನ್ನು 14 ನಿಮಿಷದಲ್ಲಿ ನಡೆಯಲು, ಇಲ್ಲವೇ ನಿಲ್ಲದೆ 200 ಮೀಟರ್ ಈಜಲು ನಿಮಗೆ ಕಷ್ಟವೇ? ಇದು ಹರಟುತ್ತಾ ನಡೆಯುವ ನಡಿಗೆಯಲ್ಲ. ಮೂರು ತಿಂಗಳು ಮೊದಲೇ ಅಭ್ಯಾಸ ಶುರುಮಾಡಿ, ವೇಗವನ್ನು ಮೆಲ್ಲಮೆಲ್ಲನೆ ಹೆಚ್ಚಿಸಿ.

* ಒಂದು ದಿನದ ಪರಿಚಯದ ಡೈವಿಂಗ್‌ನಲ್ಲಿ ಶಿಕ್ಷಕರು ಜೊತೆಗೇ ಇರುತ್ತಾರೆ. ಸಾಮಾನ್ಯವಾಗಿ 12 ಮೀಟರ್ ದಾಟುವುದಿಲ್ಲ. 18 ಮೀಟರ್‌ವರೆಗೆ ಇಳಿಯಲು ಅರ್ಹತೆ ಕೊಡುವ ಪೂರ್ಣ ತರಬೇತಿಗೆ ಈಜು ಗೊತ್ತಿರಬೇಕು. ಎರಡಕ್ಕೂ ಮೊದಲು ಈಜುಕೊಳದಲ್ಲಿ ಅಭ್ಯಾಸ ಮಾಡುವುದು ಒಳ್ಳೆಯದು.

* 45 ದಾಟಿದವರು, ಬೀಡಿ ಸಿಗರೇಟು ಸೇದುವವರು, ರಕ್ತದೊತ್ತಡ ಅಥವಾ ಕೊಲೆಸ್ಟರಾಲ್ ಹೆಚ್ಚಿರುವವರು, ಮನೆತನದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ ಕಂಡವರು ವೈದ್ಯರ ತಪಾಸಣೆ ಇಲ್ಲದೆ ಹೊರಡಬಾರದು.

* ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಸಕ್ಕರೆ ತೀರ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರು, ಆಸ್ತಮಾ ಇರುವವರು ಪ್ರತ್ಯೇಕವಾಗಿ ಸಲಹೆ ಪಡೆಯಬೇಕು. ರಕ್ತದೊತ್ತಡದ ಮಾತ್ರೆಯನ್ನು ಪ್ರವಾಸದ ದಿನ ತಪ್ಪಿಸಬೇಡಿ.

* ಹಿಂದಿನ ರಾತ್ರಿ ಮದ್ಯ ಬೇಡ. ಬೆಳಿಗ್ಗೆ ಎರಡು ಗಂಟೆ ಮೊದಲು ಇಡ್ಲಿಯಂಥ ಹಗುರ ತಿಂಡಿ ಸಾಕು. ಹೊಟ್ಟೆ ಬಿರಿಯ ತಿಂದರೆ ನೀರಿನಲ್ಲಿ ತಲೆ ಕೆಳಗಾದಾಗ ಹುಳಿತೇಗು ಬರುತ್ತದೆ. ನೀರನ್ನು ಚೆನ್ನಾಗಿ ಕುಡಿಯಿರಿ.

* ವಾರದಲ್ಲಿ ಐದು ಕಿಲೋ ಇಳಿಸುವ ಉಪವಾಸ ಮಾಡಬೇಡಿ. ನಿತ್ರಾಣದಿಂದ ನೀರಿಗಿಳಿಯುವುದು ಬೊಜ್ಜಿಗಿಂತ ಕೆಟ್ಟದ್ದು.

ಮಳೆಗಾಲದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೇತ್ರಾಣಿಯ ಕಡಲು ಇಳಿಯಲು ತಕ್ಕುದಲ್ಲ. ಆ ನಾಲ್ಕು ತಿಂಗಳನ್ನು ನಡಿಗೆಗೂ ಈಜುಕೊಳಕ್ಕೂ ಬಳಸಿಕೊಂಡರೆ ಕಡಲು ತಿಳಿಯಾಗುವ ಹೊತ್ತಿಗೆ ನೀವೂ ತಯಾರಾಗಿರುತ್ತೀರಿ. ಒಂದು ವೇಳೆ ವೈದ್ಯರು ಬೇಡವೆಂದರೆ, ಅಷ್ಟರಲ್ಲಿ ಇಳಿದ ತೂಕವಂತೂ ನಿಮ್ಮದೇ ಲಾಭ.